ಕಿಂಡಿಯ ಮೇಲೆ ಅಂಟಿಸಿದ ಹೆಸರು

"ಒಳ್ಳೆಯ ಕೆಲಸದ ಮೇಲೆ ಹೆಸರು ಅಂಟಿಸಿದರೆ ತಪ್ಪೇನು, ಗುರುಗಳೇ?" ಎಂದು ಅಡವೀಶ ಕೇಳಿದ.

ಅವನು ಮಠದ ಶಿಷ್ಯ. ಮಠದ ಶಾಲೆಗೆ ಭಕ್ತರೊಬ್ಬರು ಎಂಟು ಕಂಪ್ಯೂಟರ್ ಕೊಟ್ಟಿದ್ದರು. ಅಡವೀಶ ಗುರುಗಳ ಹೆಸರೂ ಭಾವಚಿತ್ರವೂ ಇರುವ ಸ್ಟಿಕರ್ ಮಾಡಿಸಿ ತಂದು ಅಂದು ಬೆಳಿಗ್ಗೆ ಎಂಟಕ್ಕೂ ಅಂಟಿಸಿದ್ದ. ಗುರುಗಳು ಬಂದು ನೋಡಿ ಹೊರಗೆ ಹೋದರು. ಪೂಜೆ ಮುಗಿದ ಮೇಲೂ ಅವರ ಹುಬ್ಬಿನ ಗಂಟು ಬಿಚ್ಚಿರಲಿಲ್ಲ. ಅದಕ್ಕೇ ಅವನು ಕೇಳಿದ್ದು.

ಕೂತುಕೋ ಎಂದರು ಗುರುಗಳು. ಸಿಟ್ಟು ಇಳಿಯುವವರೆಗೆ ಕಾಯಲಿಲ್ಲ. ಸಿಟ್ಟಿನಲ್ಲೇ ಹೇಳತೊಡಗಿದರು.

ಒಂದು ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇತ್ತು. ಅಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅದೇ ಊರಿನಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವ ಒಬ್ಬ ಮುದುಕನಿದ್ದ. ಅವನಿಗೂ ಅವನ ಇಬ್ಬರು ತಮ್ಮಂದಿರಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಶಾಲೆಯ ಮುಖ ನೋಡದ ಆ ಮೂವರು ಚಿಕ್ಕಂದಿನಿಂದ ಕೈಯಲ್ಲೇ ಮಾತಾಡಿಕೊಂಡು ಬಂದವರು. ಬಿಸಿ ರೊಟ್ಟಿಗೆ ಒಂದು ಸನ್ನೆ, ಒಣಗಿದ ರೊಟ್ಟಿಗೆ ಇನ್ನೊಂದು. ಮುನಿಸಿಗೆ ಒಂದು, ಮುನಿಸು ಕಳೆದು ನಾಚಿದ್ದಕ್ಕೆ ಬೇರೊಂದು. ಅವು ಯಾವ ಪುಸ್ತಕದಲ್ಲೂ ಇರಲಿಲ್ಲ. ತಮ್ಮಂದಿರು ಸತ್ತ ಮೇಲೆ ಆ ಮಾತು ಪೂರ್ತಿ ಬಲ್ಲವನು ಮುದುಕನೊಬ್ಬನೇ.

ಶಾಲೆಯ ಅಡುಗೆಯಾಕೆಗೂ ಕಿವಿ ಕೇಳುತ್ತಿರಲಿಲ್ಲ. ಮೂವತ್ತು ವರ್ಷದವರೆಗೆ ಆಕೆಗೆ ಯಾವ ಭಾಷೆಯೂ ಇರಲಿಲ್ಲ. ಬೇಕು, ಬೇಡ ಎಂದು ಬೆರಳು ತೋರಿಸಿ ಬದುಕಿದ್ದಳು. ಈ ಊರಿಗೆ ಬಂದ ಮೇಲೆ ಆಕೆಗೆ ಮಾತು ಕೊಟ್ಟವನು ಆ ಮುದುಕ. ಮನೆವಾರ್ತೆಗೆ ಸಾಲುವಷ್ಟು ಸನ್ನೆ ಆಕೆ ಕಲಿತಳು. ಉಳಿದ ಸಾವಿರಾರು ಸನ್ನೆ ಮುದುಕನ ಕೈಯಲ್ಲೇ ಇದ್ದವು.

ಶಿಕ್ಷಕಿ ಅವನ ಎದುರು ಕೂತು ಒಂದೊಂದು ಸನ್ನೆಯನ್ನೂ ನೋಡಿ ಚಿತ್ರ ಬರೆದಳು. ಪಕ್ಕದಲ್ಲಿ ಕನ್ನಡದ ಪದ ಬರೆದಳು. ಮಕ್ಕಳಿಗೆ ಒಂದು ಸನ್ನೆಕೋಶ ಅಚ್ಚು ಹಾಕಿಸಿಕೊಡಬೇಕೆಂಬುದು ಅವಳ ಹಂಬಲ. ಏಳು ವರ್ಷ ಅವಳಿಗೆ ಬೇರೆ ಯೋಚನೆ ಇರಲಿಲ್ಲ.

ಚಿತ್ರವನ್ನೂ ಪದವನ್ನೂ ಅವಳು ಬರೆಯುತ್ತಿದ್ದದ್ದು ಕಾಗದದ ಮೇಲಲ್ಲ, ಒಂದು ಹಳೆಯ ಪುಟ್ಟ ಕಂಪ್ಯೂಟರಿನಲ್ಲಿ. ಪರದೆ, ಯಂತ್ರ ಎಲ್ಲ ಒಂದೇ ಪೆಟ್ಟಿಗೆಯೊಳಗೆ. ಬರೆದದ್ದನ್ನು ಇಟ್ಟುಕೊಳ್ಳಲು ಅದರೊಳಗೆ ಏನೂ ಇರಲಿಲ್ಲ. ಫ್ಲಾಪಿ ಎಂಬ ಒಂದು ಚಪ್ಪಟೆ ಬಿಲ್ಲೆ ತುರುಕಬೇಕು, ಬರೆಯಬೇಕು, ತೆಗೆಯಬೇಕು, ಇನ್ನೊಂದು ತುರುಕಬೇಕು. ಹಾಗೆ ನಲವತ್ತು ಫ್ಲಾಪಿ ತುಂಬಿದವು. ಒಂದು ಮಳೆಗಾಲದಲ್ಲಿ ಅವಕ್ಕೆ ಬೂಸು ಹಿಡಿಯಿತು. ಆ ಚಳಿಗಾಲದಲ್ಲಿ ಮುದುಕ ತೀರಿಕೊಂಡ.

ಶಿಕ್ಷಕಿ ಹೆದರಿದಳು. ಊರಿನ ರಿಪೇರಿಯವನನ್ನು ಕರೆಸಿದಳು.

ಅವನು ಕೈಗುಣ ಇದ್ದವನು. ಕೆಲಸ ಬಾರದವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಗಿರಣಿಯ ಮೋಟಾರಿನವರೆಗೆ ಅವನು ಮುಟ್ಟಿದ್ದೆಲ್ಲ ನಡೆಯುತ್ತಿತ್ತು. ಮುಟ್ಟಿದ ಪ್ರತಿಯೊಂದಕ್ಕೂ ತನ್ನ ಹೆಸರಿನ ಸ್ಟಿಕರ್ ಅಂಟಿಸುತ್ತಿದ್ದ. ಅಂಗೈಯಷ್ಟು ಅಗಲ, ಕೆಂಪು ಅಕ್ಷರ. ಆ ಊರಿನಲ್ಲಿ ಅವನ ಹೆಸರಿಲ್ಲದ ಫ್ಯಾನು ಹುಡುಕಿದರೂ ಸಿಗುತ್ತಿರಲಿಲ್ಲ.

ಅವನು ಪೆಟ್ಟಿಗೆ ಬಿಚ್ಚಿ ಇಣುಕಿ ನೋಡಿದ.

"ಒಳಗ ಎಷ್ಟ್ ಜಾಗಾ ಖಾಲಿ ಐತ್ರಿ ಅಕ್ಕಾವ್ರ. ಒಂದು ಹಾರ್ಡ್ ಡಿಸ್ಕ್ ಕುಂದ್ರಸ್ತೀನಿ. ನಿಮ್ಮ ನಲವತ್ತೂ ಫ್ಲಾಪಿ ಅದರಾಗ ಹೋಗ್ತಾವ."

ಹೇಳಿದಂತೆ ಮಾಡಿದ. ದೂರದ ಪಟ್ಟಣದಿಂದ ಡಿಸ್ಕ್ ತರಿಸಿದ. ಅದು ಕೂರಲು ತಗಡು ಕತ್ತರಿಸಿ ಪಟ್ಟಿ ಮಾಡಿದ. ಬೂಸು ಒರೆಸಿ ಒರೆಸಿ ನಲವತ್ತೂ ಫ್ಲಾಪಿಯಲ್ಲಿದ್ದದ್ದನ್ನು ಒಳಗೆ ಇಳಿಸಿದ. ಬೂಸು ಹಿಡಿದದ್ದನ್ನು ಮತ್ತೆ ಹಾಕಿದರೆ ಯಂತ್ರ ಕೆಡುತ್ತದೆ ಎಂದು ಫ್ಲಾಪಿಗಳನ್ನು ತಾನೇ ಒಯ್ದು ಸುಟ್ಟ. ಅದು ಸುಳ್ಳಲ್ಲ. ಇನ್ನೊಂದು ಪ್ರತಿ ಮಾಡಿಟ್ಟು ಸುಡಬೇಕಿತ್ತು. ಇರಲಿ, ಅದನ್ನು ಬೇಕಾದರೆ ಮರೆವು ಅನ್ನೋಣ.

ಆ ಪೆಟ್ಟಿಗೆಯಲ್ಲಿ ಫ್ಯಾನು ಇರಲಿಲ್ಲ. ಅವನು ಖಾಲಿ ಅಂದದ್ದು ಗಾಳಿ ಓಡಾಡುವ ಜಾಗ. ಒಳಗಿನ ಬಿಸಿ ತಾನಾಗಿ ಮೇಲೇರಿ ಎಡಮಗ್ಗುಲಿನ ಕಿಂಡಿಗಳಿಂದ ಹೊರಗೆ ಹೋಗಬೇಕು. ಡಿಸ್ಕ್ ಕೂತ ಮೇಲೆ ಗಾಳಿ ಕಡಿಮೆಯಾಯಿತು, ಬಿಸಿ ಹೆಚ್ಚಾಯಿತು. ಡಿಸ್ಕಿನ ಜೊತೆ ಬಂದ ಕಾಗದದಲ್ಲಿ ಕಿಂಡಿ ಮುಚ್ಚಬಾರದೆಂದು ಬರೆದಿತ್ತು. ಅವನು ಅದನ್ನು ಓದಿದ್ದ. ಶಿಕ್ಷಕಿಗೂ ಬೆರಳೆತ್ತಿ ಎಚ್ಚರಿಕೆ ಹೇಳಿದ. ಅವಳು ಯಂತ್ರದ ಮೇಲೆ ಕ್ರೋಶಾ ಹೆಣೆದ ಬಟ್ಟೆ ಹೊದಿಸುತ್ತಿದ್ದಳು. ಯಂತ್ರ ನಡೆಯುವಾಗ ಅದನ್ನು ತೆಗೆದಿಡಬೇಕು ಎಂದು ಎರಡೆರಡು ಸಲ ಹೇಳಿದ.

ಆಮೇಲೆ ಜೇಬಿನಿಂದ ಸ್ಟಿಕರ್ ತೆಗೆದ. ಮುಂದೆಲ್ಲ ಪರದೆ. ಬಲಮಗ್ಗುಲು ಗೋಡೆಯ ಕಡೆ. ಎಡಮಗ್ಗುಲು ಬಾಗಿಲಿನಿಂದ ಬಂದವರಿಗೆ ನೇರ ಕಾಣುತ್ತದೆ. ಅಲ್ಲೇ ಅಂಟಿಸಿದ. ಗಾಳಿಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿ ಒತ್ತಿ ಅಂಟಿಸಿದ.

ಶಿಕ್ಷಕಿ ನೋಡಿದಳು. ಬಲ್ಲವನು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡು ಕೈ ಮುಗಿದಳು.

ಬೇಸಿಗೆ ಬಂತು. ಸನ್ನೆಕೋಶ ಅಚ್ಚಿಗೆ ಹೋಗಲು ಹತ್ತು ದಿನ ಇತ್ತು. ಒಂದು ಮಧ್ಯಾಹ್ನ ಮಕ್ಕಳ ಎದುರಿಗೇ ಪರದೆಯ ಚಿತ್ರ ಕುಗ್ಗುತ್ತ ಕುಗ್ಗುತ್ತ ಬಂದು ಆರಿಹೋಯಿತು. ಕೋಣೆಯೆಲ್ಲ ಸುಟ್ಟ ವಾಸನೆ. ರಿಪೇರಿಯವನು ಓಡಿ ಬಂದ. ಡಿಸ್ಕನ್ನು ಹೊರತೆಗೆದು ಬೇರೆ ಯಂತ್ರಕ್ಕೆ ಹಚ್ಚಿ ನೋಡಿದ. ಅದು ಕಟಕಟ ಅಂದಿತು ಅಷ್ಟೇ. ಒಂದು ಸನ್ನೆಯೂ ಹಿಂದೆ ಬರಲಿಲ್ಲ.

ಬಟ್ಟೆ ಹೊದಿಸಿದ್ದಿರೇನು ಎಂದು ಅವನು ಮೊದಲು ಕೇಳಿದ್ದು. ರಾತ್ರಿ ಯಂತ್ರ ಆರಿಸಿದ ಮೇಲೆ ಹೊದಿಸುತ್ತಿದ್ದೆ ಎಂದಳು ಶಿಕ್ಷಕಿ. ಹಾಗಾದರೆ ಯಾವತ್ತೋ ಮರೆತಿರುತ್ತೀರಿ, ಬಟ್ಟೆಯೇ ಇದನ್ನು ಕೊಂದದ್ದು ಎಂದ. ಅವಳು ನಂಬಿದಳು. ಒಳ್ಳೆಯವರಿಗೆ ತಪ್ಪು ಹೊರಿಸುವುದು ಅಷ್ಟು ಸುಲಭ. ತಾನೇ ಹೆಣೆದ ಬಟ್ಟೆಯನ್ನು ಪರಪರ ಹರಿದಳು. ಮಕ್ಕಳ ಕಡೆ ತಿರುಗಿ, ನನ್ನಿಂದ ಹೋಯಿತು ಎಂದು ಕೈಯಲ್ಲಿ ಹೇಳಿದಳು. ಆ ಸನ್ನೆಯೂ ಮುದುಕನದೇ.

ಅವಳು ಆ ಕಡೆ ತಿರುಗಿದಾಗ ರಿಪೇರಿಯವನು ಪೆಟ್ಟಿಗೆಯ ಮಗ್ಗುಲಿಗೆ ಉಗುರು ಹಾಕಿದ. ಸ್ಟಿಕರ್ ಕಿತ್ತು ಮಡಚಿ ಜೇಬಿಗೆ ಇಳಿಸಿದ. ಕಿವಿ ಕೇಳುವವರ ನಡುವೆ ಅದು ನಡೆದುಹೋಗುತ್ತಿತ್ತೇನೋ. ಕಣ್ಣಲ್ಲೇ ಬದುಕುವವರ ನಡುವೆ ನಡೆಯಲಿಲ್ಲ. ಅಡುಗೆಯಾಕೆ ಬಾಗಿಲಲ್ಲಿ ನಿಂತು ನೋಡಿದಳು.

ಬಂದು ಅವನ ಮುಂಗೈ ಹಿಡಿದಳು. ರೊಟ್ಟಿ ತಟ್ಟಿದ ಕೈ, ಅವನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಜೇಬಿಗೆ ಕೈ ಹಾಕಿ ಸ್ಟಿಕರ್ ಎಳೆದಳು. ಬಿಚ್ಚಿ ಬೆಳಕಿಗೆ ಹಿಡಿದಳು. ಅವನ ಹೆಸರಿನ ಉದ್ದಕ್ಕೂ ಬಿಸಿಗೆ ಸುಟ್ಟ ಕಂದು ಗೆರೆಗಳು, ಒಂದರ ಕೆಳಗೆ ಒಂದು. ಅದನ್ನು ಒಯ್ದು ಪೆಟ್ಟಿಗೆಯ ಮಗ್ಗುಲಿಗೆ ಇಟ್ಟಳು. ಒಂದೊಂದು ಗೆರೆಯೂ ಒಂದೊಂದು ಕಿಂಡಿಯ ಮೇಲೆ ಸರಿಯಾಗಿ ಕೂತಿತು. ಶಿಕ್ಷಕಿ ಹರಿದ ಬಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು.

ಆಗಲೂ ಅವನು ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ ನಾನು ಈ ಕತೆಯನ್ನು ಬೇರೆ ರೀತಿ ಹೇಳುತ್ತಿದ್ದೆ.

"ಇಷ್ಟ್ ಸಣ್ಣ ಸ್ಟಿಕರ್‌ನಿಂದ ಏನ್ ಆಗ್ತೈತ್ರಿ?" ಎಂದ.

ಅಡುಗೆಯಾಕೆಗೆ ಅದು ಕೇಳಿಸಲಿಲ್ಲ. ಆದರೆ ಅವನ ತುಟಿ, ಹೆಗಲು ಹಾರಿಸಿದ ರೀತಿ ಎರಡೂ ಕಂಡವು. ಆಕೆ ಅಂಗೈ ಬಿಡಿಸಿ ಅವನ ಮೂಗು ಬಾಯಿಯ ಮೇಲೆ ಇಟ್ಟಳು. ಇನ್ನೊಂದು ಕೈಯಿಂದ ಹಿಂದಲೆ ಹಿಡಿದು ಒತ್ತಿದಳು. ಗಾಳಿಗುಳ್ಳೆ ಉಳಿಯದಂತೆ ಒತ್ತಿದಳು. ಅವನ ಕಣ್ಣು ಮೇಲಾಗಿ, ಕಾಲು ನೆಲ ಕೆರೆದು, ಎರಡೂ ಕೈಯಿಂದ ತಳ್ಳಿ ಬಿಡಿಸಿಕೊಳ್ಳುವವರೆಗೂ ಬಿಡಲಿಲ್ಲ. ಮಕ್ಕಳೆಲ್ಲ ನಿಂತು ನೋಡಿದರು.

ಕಿವಿ ಕೇಳದವರಲ್ಲಿ ಒಂದು ಪದ್ಧತಿ ಇದೆ. ಒಬ್ಬೊಬ್ಬರಿಗೂ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ. ಅದನ್ನು ತನಗೆ ತಾನೇ ಇಟ್ಟುಕೊಳ್ಳುವಂತಿಲ್ಲ. ನೋಡಿದವರು ಇಡುತ್ತಾರೆ, ಇಟ್ಟ ಮೇಲೆ ಸಾಯುವವರೆಗೂ ಅದೇ. ಅಂದು ಮಕ್ಕಳು ರಿಪೇರಿಯವನಿಗೆ ಹೆಸರಿಟ್ಟರು. ಮೂಗು ಬಾಯಿ ಮುಚ್ಚಿದ ಅಂಗೈ. ಮುದುಕನ ಸಾವಿರಾರು ಸನ್ನೆ ಹೋದ ಮೇಲೆ ಆ ಶಾಲೆಯಲ್ಲಿ ಹುಟ್ಟಿದ ಮೊದಲ ಸನ್ನೆ ಅದು. ಮಕ್ಕಳಿಂದ ಅದು ಓಣಿಗೆ ಹೋಯಿತು, ಓಣಿಯಿಂದ ಪೇಟೆಗೆ ಹೋಯಿತು. ಕಿವಿ ಕೇಳುವವರೂ ಅವನ ಅಂಗಡಿಯ ದಾರಿ ಹೇಳುವಾಗ ಅಂಗೈಯನ್ನು ಮೂಗಿಗೆ ಒಯ್ಯುತ್ತಾರೆ. ಅವನ ಸ್ಟಿಕರ್‌ಗಳು ಫ್ಯಾನುಗಳ ಮೇಲೆ ಇನ್ನೂ ಇವೆ. ಓದುವವರಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅಡವೀಶ ತಲೆ ತಗ್ಗಿಸಿಕೊಂಡೇ ಹೇಳಿದ. ಆ ರಿಪೇರಿಯವನು ಅಂಟಿಸಿದ್ದು ತನ್ನ ಹೆಸರು, ತಾನು ಅಂಟಿಸಿದ್ದು ಗುರುಗಳ ಹೆಸರು, ಅದೂ ಭಕ್ತಿಯಿಂದ, ಎಂದ. ಎಲ್ಲಿ ಅಂಟಿಸಿದೆ ಎಂದು ಗುರುಗಳು ಕೇಳಿದರು. ಹಿಂದುಗಡೆ ಸಣ್ಣ ಸಣ್ಣ ತೂತುಗಳಿದ್ದ ಕಡೆ, ಅಲ್ಲಿ ಜಾಗ ಖಾಲಿ ಇತ್ತು ಎಂದು ಅವನು ಹೇಳಹೊರಟ. ಖಾಲಿ ಎಂಬ ಮಾತು ಬಾಯಿಗೆ ಬಂದದ್ದೇ ಅವನ ನಾಲಿಗೆ ನಿಂತಿತು.

"ನಮ್ಮ ಮಕ್ಕಳು ನನಗೂ ಅದೇ ಹೆಸರಿಡುವ ಮೊದಲು ಹೋಗಿ ನನ್ನನ್ನು ಕಿತ್ತು ಬಾ" ಎಂದರು ಗುರುಗಳು.