ಪಕ್ಕದವನಿಗಿಂತ ದೊಡ್ಡ ಕಲ್ಲು

“ಗುರುಗಳೇ, ನನ್ನ ಜೊತೆಯ ಶಿಷ್ಯ ರಾಚಯ್ಯ ಒಂದು ಗಳಿಗೆ ಧ್ಯಾನಕ್ಕೆ ಕೂತರೆ ನಾನು ಎರಡು ಗಳಿಗೆ ಕೂರುತ್ತೇನೆ. ಅವನು ಒಪ್ಪೊತ್ತು ಉಂಡರೆ ನಾನು ಉಪವಾಸವೇ ಇರುತ್ತೇನೆ. ಆದರೂ ಯಾರಾದರೂ ತಟ್ಟನೆ ಒಂದು ಕಟುಮಾತು ಆಡಿದರೆ ಅವನು ನಕ್ಕು ಸುಮ್ಮನಾಗುತ್ತಾನೆ, ನನಗೆ ಸಿಟ್ಟು ನೆತ್ತಿಗೇರುತ್ತದೆ. ಇದೇಕೆ ಹೀಗೆ?” ಎಂದು ಅಡವಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಪಕ್ಕದ ಮನೆಯವನೂ ಬೆಸ್ತನೇ. ಇಬ್ಬರೂ ಹರಿಗೋಲಿನಲ್ಲಿ ಕೂತು ನಡುಹೊಳೆಯಲ್ಲಿ ಬಲೆ ಬೀಸುವವರು. ಒಂದು ಮಧ್ಯಾಹ್ನ, ಬಿಸಿಲು ಕಾಯುತ್ತಿದ್ದ ಹಾಗೆಯೇ ಬಿರುಗಾಳಿ ಎದ್ದಿತು. ನಮ್ಮ ಬೆಸ್ತನ ಹರಿಗೋಲು ಗಿರಗಿರನೆ ತಿರುಗುತ್ತಾ ಕೊಚ್ಚಿಕೊಂಡು ಹೋಗಿ ಎಲ್ಲೋ ದೂರದಲ್ಲಿ ದಡ ಮುಟ್ಟಿತು. ಬಲೆ ಹೊಳೆಯ ಪಾಲಾಯಿತು. ಹರಿಗೋಲನ್ನು ತಲೆಯ ಮೇಲೆ ಹೊತ್ತು ಊರು ಸೇರಿದರೆ, ಪಕ್ಕದವನು ಜಗಲಿಯಲ್ಲಿ ಕೂತು ಮೀನು ಹಂಚುತ್ತಿದ್ದ. ಊರವರೆಲ್ಲ ಅವನನ್ನು ಹೊಗಳುತ್ತಿದ್ದರು. ಅವರ ನಡುವೆ ಬೆಸ್ತನ ಹೆಂಡತಿಯೂ ನಿಂತು ತಲೆದೂಗುತ್ತಿದ್ದಳು. ಬಲೆ ಹೋದದ್ದಕ್ಕಿಂತ ಅದನ್ನು ಕಂಡೇ ಬೆಸ್ತನಿಗೆ ಹೊಟ್ಟೆ ಉರಿಯಿತು. ಅಂದು ಅವನಿಗೆ ಅನ್ನ ಸೇರಲಿಲ್ಲ.

ಅದೇ ಗಾಳಿಗೆ ಪಕ್ಕದವನು ಹೇಗೆ ಕೊಚ್ಚಿಹೋಗಲಿಲ್ಲವೆಂದು ತಿಳಿಯಲು, ಬೆಳಗಾಗುತ್ತಲೇ ಬೆಸ್ತ ಅವನ ಹರಿಗೋಲಿನೊಳಗೆ ಇಣುಕಿ ನೋಡಿದ. ಅಲ್ಲಿ ಹಗ್ಗ ಕಟ್ಟಿದ ಒಂದು ಗುಂಡುಕಲ್ಲು ಇತ್ತು. ಗಾಳಿ ಎದ್ದೊಡನೆ ಅದನ್ನು ನೀರಿಗಿಳಿಸಿದರೆ ಹರಿಗೋಲು ಕೊಚ್ಚಿಹೋಗದೆ ನಿಲ್ಲುತ್ತದೆ. ಅಂಥದ್ದೇ ಒಂದು ಕಲ್ಲು ಇಟ್ಟುಕೊಂಡಿದ್ದರೆ ಸಾಕಿತ್ತು. ಆದರೆ ಹಾಗೆ ಮಾಡಿದರೆ ಅವನನ್ನು ನೋಡಿ ಕಲಿತ ಅನ್ನುತ್ತಾರಲ್ಲ! ಬೆಸ್ತ ಹುಡುಕಿ ಹುಡುಕಿ ಅದರ ಎರಡರಷ್ಟು ದೊಡ್ಡ ಕಲ್ಲು ತಂದ.

ಪಕ್ಕದವನು ಅದನ್ನು ಕಂಡು, “ಅಣ್ಣಾ, ಗಾಳಿಯಲ್ಲಿ ಇಷ್ಟು ಭಾರ ಎತ್ತುವುದು ಕಷ್ಟ. ದಡದ ಹತ್ತಿರವೇ ಒಮ್ಮೆ ಎತ್ತಿ ಹಾಕಿ ನೋಡು,” ಎಂದ.

“ನನ್ನ ಕಲ್ಲು ನಿನ್ನದಕ್ಕಿಂತ ದೊಡ್ಡದಾದರೆ ನಿನಗೇಕೆ ಹೊಟ್ಟೆಕಿಚ್ಚು?” ಎಂದು ಬೆಸ್ತ ಮುಖ ತಿರುಗಿಸಿದ.

ಸ್ವಲ್ಪ ದಿನಕ್ಕೆ ಮತ್ತೆ ಹಾಗೆಯೇ ಗಾಳಿ ಬಂತು. ಪಕ್ಕದವನು ಒಂದು ಕೈಯಲ್ಲಿ ಕಲ್ಲು ಇಳಿಸಿ, ಇನ್ನೊಂದು ಕೈಯಲ್ಲಿ ಹುಟ್ಟು ಹಿಡಿದು ಕೂತ. ಬೆಸ್ತ ತನ್ನ ಕಲ್ಲನ್ನು ಎರಡೂ ಕೈಗಳಿಂದ ತಬ್ಬಿ, ಏದುಸಿರು ಬಿಡುತ್ತಾ ಅಂಚಿಗೆ ತಂದ. ಅಷ್ಟೂ ಭಾರ ಒಂದೇ ಕಡೆ ಬಿದ್ದದ್ದೇ ತಡ, ಹರಿಗೋಲು ಮಗುಚಿಕೊಂಡಿತು. ಹೊಳೆ ಅವನನ್ನು ಪಕ್ಕದವನ ಹತ್ತಿರಕ್ಕೇ ತಳ್ಳಿತು. ಪಕ್ಕದವನು ಅವನ ಜುಟ್ಟು ಹಿಡಿದುಕೊಂಡು, ಗಾಳಿ ನಿಲ್ಲುವವರೆಗೂ ಕೈ ಬಿಡಲಿಲ್ಲ. ಜೀವ ಉಳಿಯಿತಲ್ಲ ಎಂದು ಬೆಸ್ತ ಸಂತೋಷಪಡಲಿಲ್ಲ. ಉಳಿಸಿದವನು ಇವನೇ ಆಗಬೇಕಿತ್ತೇ ಎಂದು ಸಂಕಟಪಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆಮೇಲಾದರೂ ಅವನಿಗೆ ಬುದ್ಧಿ ಬಂತೇ, ಗುರುಗಳೇ?” ಎಂದ ಅಡವಯ್ಯ.

“ಬಂತಪ್ಪಾ. ಮರುದಿನವೇ ಪಕ್ಕದವನ ಕಲ್ಲಿಗಿಂತ ಚಿಕ್ಕ ಕಲ್ಲು ಹುಡುಕಲು ಹೊರಟ.”