ಹತ್ತು ಮಣೆ

"ಗುರುಗಳೇ, ಹೊಸಬರು ನನ್ನ ಗರಡಿಯಲ್ಲಿ ಯಾಕೆ ನಿಲ್ಲುವುದಿಲ್ಲ?" ಎಂದು ಭರಮಪ್ಪ ಕೇಳಿದ.

ಗುರುಗಳು ತಮ್ಮ ಗರಡಿಯನ್ನು ಅವನ ಕೈಗೆ ಒಪ್ಪಿಸಿ ಒಂದು ವರ್ಷವಾಗಿತ್ತು. ಆ ವರ್ಷದಲ್ಲಿ ನಲವತ್ತು ಜನ ಬಂದಿದ್ದರು. ಉಳಿದವರು ಮೂವರು. ಹೀಗೇ ನಡೆದರೆ ಗರಡಿಗೆ ಬೀಗ ಬೀಳುವುದು ಖಂಡಿತ. ಗುರುಗಳು ಕಟ್ಟಿದ್ದು ತನ್ನ ಕೈಯಲ್ಲಿ ಮುಳುಗುತ್ತದಲ್ಲ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

"ಇವತ್ತು ಬೆಳಿಗ್ಗೆಯೂ ಒಬ್ಬ ಬಂದಿದ್ದ. ಏನೋ ಹೇಳಲು ಬಾಯಿ ತೆರೆದ. ಮೊದಲು ಸಾಮು, ಆಮೇಲೆ ಮಾತು ಎಂದೆ. ಅರ್ಧಕ್ಕೇ ಅಂಗಿ ಹಾಕಿಕೊಂಡು ಹೊರಟುಹೋದ. ಈಗಿನವರೆಲ್ಲ ಆರಂಭಶೂರರು ಗುರುಗಳೇ, ಬೆವರು ಕಂಡರೆ ಓಡುತ್ತಾರೆ."

ಗುರುಗಳು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜಟ್ಟಿ ಇದ್ದ. ಅವನ ಬೆನ್ನಿಗೆ ಮಣ್ಣು ಹತ್ತಿಸಿದವನು ಸುತ್ತ ಏಳು ಊರಿನಲ್ಲಿ ಇರಲಿಲ್ಲ. ಅವನ ಗರಡಿಗೆ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವನ ವಯಸ್ಸು ಎಷ್ಟೋ, ಮೊದಲ ದಿನ ಅಷ್ಟು ಬಸ್ಕಿ. ಜಟ್ಟಿಯ ಅಜ್ಜನ ಕಾಲದಲ್ಲಿ ಸೇರುತ್ತಿದ್ದವರೆಲ್ಲ ಹತ್ತು ಹನ್ನೆರಡು ವರ್ಷದವರು. ಹತ್ತೋ ಹನ್ನೆರಡೋ ಬಸ್ಕಿ ಹೊಡೆದು, ನಗುತ್ತಾ ಮನೆಗೆ ಹೋಗಿ, ಮರುದಿನ ತಪ್ಪದೆ ಬರುತ್ತಿದ್ದರು. ಅಜ್ಜ ಸತ್ತ. ಪದ್ಧತಿ ಉಳಿಯಿತು. ಬರುವವರ ವಯಸ್ಸು ಮಾತ್ರ ಬದಲಾಯಿತು.

ಭರಮಪ್ಪ ಕುಳಿತಲ್ಲೇ ಅಲುಗಾಡಿದ. ಇದೇ ಪದ್ಧತಿಯನ್ನು ಯಾವುದೋ ದೊಡ್ಡ ಗರಡಿಯಲ್ಲಿ ಕಂಡು, ಮೆಚ್ಚಿ, ಅವನೂ ತನ್ನ ಗರಡಿಗೆ ತಂದಿದ್ದ. ಗುರುಗಳು ಅವನ ಕಡೆ ನೋಡದೆ ಕತೆ ಮುಂದುವರಿಸಿದರು.

ಆ ಗರಡಿಗೆ ಒಬ್ಬ ಬೆಲ್ಲದ ವರ್ತಕ ಬಂದ.

"ವಯಸ್ಸೆಷ್ಟು ಸಾಹುಕಾರರೇ?"

"ಐವತ್ತೆರಡು."

"ಹಾಗಾದರೆ ಐವತ್ತೆರಡು. ಶುರುವಾಗಲಿ!"

ಜಟ್ಟಿ ತಾನೇ ಎದುರು ನಿಂತು ನೂರು ಹೊಡೆದು ತೋರಿಸಿದ. ಅವನಿಗೇನು, ಮೊಸರನ್ನ ಉಂಡಷ್ಟು ಸಲೀಸು. ವರ್ತಕ ಮಾನಕ್ಕೆ ಅಂಜಿ, ಹಲ್ಲು ಕಚ್ಚಿ, ಅರ್ಧಂಬರ್ಧ ಬಗ್ಗುತ್ತಾ ಇಪ್ಪತ್ತು ಮುಗಿಸಿದ. ಇಪ್ಪತ್ತೊಂದಕ್ಕೆ ಕುಸಿದ. ಇಬ್ಬರು ರಟ್ಟೆ ಹಿಡಿದು ಎತ್ತಿ ಗಾಡಿಗೆ ಹತ್ತಿಸಿದರು. ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. "ಬೆಲ್ಲ ತಿಂದ ಮೈ, ಕರಗಿಹೋಯಿತು" ಎಂದು ಜಟ್ಟಿ ನಕ್ಕ.

ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎನ್ನುತ್ತಾರೆ. ಜಟ್ಟಿ ಕಲಿತು ಮೂವತ್ತು ವರ್ಷವಾಗಿತ್ತು. ತನಗೂ ಅದು ಬ್ರಹ್ಮವಿದ್ಯೆಯಾಗಿದ್ದ ಕಾಲ ಅವನಿಗೆ ನೆನಪೇ ಇರಲಿಲ್ಲ.

ಒಂಬತ್ತನೆಯ ದಿನ ವರ್ತಕ ತಾನು ಬಿಟ್ಟುಹೋದ ಶಲ್ಯ ಒಯ್ಯಲು ಬಂದ. ಜಟ್ಟಿ ಇರಲಿಲ್ಲ. ಗರಡಿಯ ಮಣ್ಣು ಅಗೆದು ಹದ ಮಾಡುವ ಮುದುಕನೊಬ್ಬನೇ ಇದ್ದ. ಕುಸ್ತಿಯ ಒಂದು ಪಟ್ಟೂ ಅವನಿಗೆ ಬರುತ್ತಿರಲಿಲ್ಲ. ಅವನು ಗುದ್ದಲಿ ಊರಿ ನಿಂತು ಕೇಳಿದ: "ಅಲ್ಲ ಧಣಿ, ಈ ವಯಸ್ಸಿನಲ್ಲಿ ನಿಮಗೆ ಈ ಉಸಾಬರಿ ಯಾಕೆ ಬೇಕಿತ್ತು?"

ಅದುವರೆಗೆ ವರ್ತಕನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನ ಕಣ್ಣು ತುಂಬಿತು.

"ಮೂರು ತಿಂಗಳಿಗೆ ಮಗಳ ಮದುವೆ. ಇರುವವಳು ಒಬ್ಬಳೇ. ಮಣೆಯ ಮೇಲೆ ಕೂತು ಅಳಿಯನ ಕಾಲು ತೊಳೆಯಬೇಕು, ಎದ್ದು ಧಾರೆ ಎರೆಯಬೇಕು. ಇಪ್ಪತ್ತು ವರ್ಷ ಅಂಗಡಿಯ ಎತ್ತರದ ಪೀಠದ ಮೇಲೆ ಕೂತ ಮಂಡಿ ಇದು, ನೆಲಕ್ಕೆ ಇಳಿಯುವುದಿಲ್ಲ. ನಾನು ಕೂರದಿದ್ದರೆ ನನ್ನ ತಮ್ಮ ಕೂರುತ್ತಾನೆ. ಕುಸ್ತಿ ಕಟ್ಟಿಕೊಂಡು ನನಗೇನಪ್ಪಾ? ಒಂದು ಸಲ ಕೂತು ಒಂದು ಸಲ ಎದ್ದರೆ ಸಾಕು."

"ಮನೆಯಲ್ಲಿ ಊಟದ ಮಣೆ ಎಷ್ಟಿವೆ?"

"ಹತ್ತು."

"ತರಿಸಿ."

ಹತ್ತು ಮಣೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅಂಗಡಿಯ ಪೀಠದಷ್ಟೇ ಎತ್ತರವಾಯಿತು. ಮೊದಲ ವಾರ ವರ್ತಕ ಅದರ ಮೇಲೆ ಕೂತ, ಎದ್ದ. ದಿನಕ್ಕೆ ಐದು ಸಲ. ಇದೂ ಒಂದು ಸಾಮೇ ಎಂದು ಅವನಿಗೇ ನಗು ಬಂತು. ಮುದುಕ ನಗಲಿಲ್ಲ. ವಾರ ಕಳೆದ ಮೇಲೆ ಒಂದು ಮಣೆ ತೆಗೆದ. ಮುಂದಿನ ವಾರ ಇನ್ನೊಂದು. ಜಟ್ಟಿ ದಿನವೂ ನೋಡಿ ಮೀಸೆಯಲ್ಲೇ ನಗುತ್ತಿದ್ದ. ಐದು ಮಣೆ ಉಳಿದ ವಾರ ವರ್ತಕನ ಮಂಡಿ ಊದಿತು. ಮುದುಕ ತೆಗೆದಿದ್ದ ಒಂದು ಮಣೆಯನ್ನು ಮತ್ತೆ ಇಟ್ಟ.

"ಹಿಂದಕ್ಕೆ ಹೋದಂತಾಯಿತಲ್ಲಪ್ಪಾ" ಎಂದು ವರ್ತಕ ಮುಖ ಸಣ್ಣದು ಮಾಡಿದ.

"ನಾಳೆಯೂ ನೀವು ಬರಬೇಕಲ್ಲ ಧಣಿ" ಎಂದ ಮುದುಕ.

ಮದುವೆಯ ದಿನ ಬಂತು. ವರ್ತಕನ ತಮ್ಮ ಸೊಂಟಕ್ಕೆ ಶಲ್ಯ ಬಿಗಿದುಕೊಂಡು ಹಿಂದೆಯೇ ನಿಂತಿದ್ದ. ವರ್ತಕ ಮಂಡಿಯ ಮೇಲೆ ಕೈಯಿಟ್ಟು ಮೆಲ್ಲಗೆ ಮಣೆಯ ಮೇಲೆ ಕೂತ. ಅಳಿಯನ ಕಾಲು ತೊಳೆದ. ಏಳುವಾಗ ತಮ್ಮನು ಕೈ ಚಾಚಿದ. ವರ್ತಕ ಆ ಕೈ ಹಿಡಿಯದೆ ಎದ್ದು ನಿಂತು ಮಗಳನ್ನು ಧಾರೆ ಎರೆದುಕೊಟ್ಟ.

ಜಟ್ಟಿಯೂ ಮದುವೆಗೆ ಬಂದಿದ್ದ. ಪಂಕ್ತಿಯಲ್ಲಿ ಕೂತು ಆರನೆಯ ಹೋಳಿಗೆ ಹಾಕಿಸಿಕೊಳ್ಳುತ್ತಾ, "ಮೊದಲ ದಿನ ನಾನು ಹೊಡೆಸಿದ ಬಸ್ಕಿ ಸುಮ್ಮನೆ ಹೋದೀತೇ!" ಎಂದು ಪಕ್ಕದವನಿಗೆ ಹೇಳಿದ.

ಕತೆ ಮುಗಿಯಿತು. ಭರಮಪ್ಪನಿಗೆ ನಾಚಿಕೆಯಾಯಿತು, ಹಿಂದೆಯೇ ಹಗುರವೂ ಆಯಿತು. ದಾರಿ ಸಿಕ್ಕಿತಲ್ಲ ಎಂದು ಅವನು ಎದ್ದು ಕೈಮುಗಿದ.

"ತಿಳಿಯಿತು ಗುರುಗಳೇ. ಆ ಬಸ್ಕಿಯ ಪದ್ಧತಿ ಇವತ್ತಿಗೇ ಬಿಟ್ಟೆ. ನಾಳೆಯೇ ಬಡಗಿಗೆ ಹೇಳಿ ಹತ್ತು ಮಣೆ ಮಾಡಿಸುತ್ತೇನೆ. ಇನ್ನು ಯಾರೇ ಬರಲಿ, ಅಲ್ಲಿಂದಲೇ ಶುರು."

ಗುರುಗಳು ಎಲೆಯ ರಸ ಉಗುಳಿ, ಬಾಯಿ ಒರೆಸಿಕೊಂಡು ಕೇಳಿದರು:

"ಇವತ್ತು ಬೆಳಿಗ್ಗೆ ಬಂದು ಹೋದನಲ್ಲ, ಅವನು ಯಾತಕ್ಕೆ ಬಂದಿದ್ದ?"