ಗುಡ್ಡ ಹೂಂ ಅಂತು

ಕತಿ ಹೇಳತೇನಿ, ಆದ್ರ ನೀವು ನಡುನಡುವ ಹೂಂ ಅನ್ನಬೇಕು. ಹೂಂ ಅನ್ನದವರ ಮುಂದ ಕತಿ ಹೇಳೂದೂ ಒಂದ, ಕಲ್ಲಿನ ಮುಂದ ಹೇಳೂದೂ ಒಂದ. ಅಂದ್ರಿ? ಹಾಂ, ಹಂಗ. ಈ ಹೂಂ ಅನ್ನೂದನ್ನ ಒಂದೀಟು ನೆನಪಿನ್ಯಾಗ ಇಟ್ಟುಕೋರಿ, ಕಡೀಕ ಕೆಲಸಕ್ಕ ಬರತದ.

ರೋಣದ ಕಡೀ ಒಂದು ಹಳ್ಳ್ಯಾಗ ಬಾಳವ್ವ ಅಂತ ಒಬ್ಬಾಕಿ ಇದ್ದಳು. ಗಂಡ ಹೋಗಿಬಿಟ್ಟಿದ್ದ. ಒಬ್ಬನ ಮಗ, ಮುದಕಪ್ಪ. ಹೆಸರಷ್ಟ ಮುದಕಪ್ಪ, ವಯಸ್ಸು ಇಪ್ಪತ್ನಾಕು, ಬುದ್ಧಿ ಇನ್ನೂ ತೊಟ್ಟಿಲದಿಂದ ಕೆಳಗ ಇಳದಿರಲಿಲ್ಲ. ಕೆಟ್ಟಾಂವ ಅಲ್ಲರೀ. ಹೇಳಿದ ಮಾತು ಮೀರಾಂವ ಅಲ್ಲ. ಅದ ಅವನ ರೋಗ. ಕೂಡು ಅಂದ್ರ ಕೂಡಾಂವ, ಏಳು ಅನ್ನೂದು ಮರತ್ರ ಸಂಜೀತನಕಾ ಕೂಡಾಂವ.

ಬಾಳವ್ವಗ ಹಗಲೆಲ್ಲಾ ಅದ ಚಿಂತಿ. "ಈ ಮಗಗ ಯಾರು ಹೆಣ್ಣು ಕೊಟ್ಟಾರು? ನಾ ಕಣ್ಣು ಮುಚ್ಚಿದ ಮ್ಯಾಲ ಇವಂಗ ಉಣ್ಣು ಅನ್ನಾಕ ಯಾರದಾರು? ಉಣ್ಣು ಅನ್ನದಿದ್ರ ಉಪಾಸ ಸಾಯ್ತಾನ, ಸಾಕು ಅನ್ನದಿದ್ರ ಉಂಡು ಸಾಯ್ತಾನ."

ಆಕೀಗೆ ಒಬ್ಬ ಅಣ್ಣ, ಸುಭೇದಾರ ಫಕೀರಪ್ಪ. ಮಿಲಿಟರಿಯಾಗ ಇಪ್ಪತ್ತು ವರ್ಷ ಹಿಮಾಲಯ ಕಾದು, ಪೆನ್ಶನ್ ಆದ ಮ್ಯಾಲೂ ಊರಿಗೆ ಬರದ ಅಲ್ಲೇ ಉಳಕೊಂಡಿದ್ದ. ಆ ಊರಿನ ಹೆಸರು ನನ್ನ ನಾಲಿಗೀಗೆ ಹೊರಳೂದಿಲ್ಲ, ಬಿಡ್ರಿ. ಚಳಿಗಾಲದಾಗ ನಮ್ಮ ಕಡಿ ಮಂದಿ ಹಿಮದ ಗುಡ್ಡ ಏರಾಕ ಹೋಗತಾರಲ್ಲ, ಅವರನ್ನ ಕರಕೊಂಡು ಹೋಗಿ ಜ್ವಾಕಿಲೆ ಕರಕೊಂಡು ಬರೂದು ಅವನ ಉದ್ಯೋಗ. ಹೋದ ಮಂದಿ ಸುಮ್ನ ಇರತಾರೇನು? ಹಿಮ ನೋಡಾಕ ಹೋಗೂದು, ಜ್ವಾಳದ ರೊಟ್ಟಿ ಎಣ್ಣಿಗಾಯಿ ಪಲ್ಯ ಕೇಳೂದು. ಅದಕ್ಕ ಫಕೀರಪ್ಪ ತಂಗೀಗೆ ಹೇಳಿ ಕಳಿಸಿದ, ಬಂದು ರೊಟ್ಟಿ ಬಡಿ, ಮಗನ್ನೂ ಕರಕೊಂಡು ಬಾ ಅಂತ.

ಬಾಳವ್ವ ಎರಡು ಚೀಲ ಜ್ವಾಳ, ಒಬ್ಬ ಮಗ, ಇಷ್ಟು ಕಟಗೊಂಡು ಹೋದಳು. ಹೋದದ್ದು ರೊಟ್ಟಿ ಬಡಿಯಾಕ ಅಲ್ಲ. ಅಣ್ಣಗ ಕಸ್ತೂರಿ ಅಂತ ಒಬ್ಬಾಕಿ ಮಗಳಿದ್ದಳು. ಸೋದರಮಾವನ ಮಗಳು, ಕೇಳೂದು ಹಕ್ಕು.

ಕೇಳಿದಳು. ಫಕೀರಪ್ಪ ಮೀಸಿ ತಿರುವಿದ.

"ನೋಡವಾ ಬಾಳಾ, ಇಲ್ಲೆ ಬದುಕಬೇಕಂದ್ರ ಹಿಮ ಓದಾಕ ಬರಬೇಕು. ಗುಡ್ಡದ ಮ್ಯಾಲಿನ ಹಿಮ ಒಮ್ಮಿಂದೊಮ್ಮಿಗೆ ಜರದು ಬರತದ. ಬಂದ್ರ ಮಂದಿ, ಗಿಡ, ಹಾದಿ ಏನೂ ಉಳಿಯೂದಿಲ್ಲ. ಅದಕ್ಕ ಹೊಂಡೂಕಿಂತ ಮೊದಲ ಅದು ಜರೀತದೋ ನಿಲ್ತದೋ ನೋಡಿ ಹೇಳಬೇಕು. ನಿನ್ನ ಮಗ ಒಂದ ಒಂದು ಸಲ ಹಿಮದ ಸುದ್ದಿ ಖರೇದ್ದು ತರಲಿ, ಕಸ್ತೂರೀನ ಕೊಡತೇನಿ. ಈ ಚಳಿಗಾಲ ಮುಗಿಯೂದ್ರಾಗ ತರದಿದ್ರ ಇಬ್ರೂ ಬುತ್ತಿ ಕಟಗೊಂಡು ಊರ ಹಾದಿ ಹಿಡೀರಿ."

ಮುದಕಪ್ಪ ಹಿಮ ಓದೂದು ಅಂದ್ರ ಕೋಣ ಪುರಾಣ ಓದಿದಂಗ. ಆದ್ರ ತಾಯಿ ಅಲ್ಲೇನು, ಆಸೆ ಬಿಡಲಿಲ್ಲ.

ಮರುದಿನ ಮುಂಜಾನಿ ಒಲೀ ಮ್ಯಾಲ ಹಾಲಿಟ್ಟು, "ಮುದಕಾ, ಹಾಲಿನ ಮ್ಯಾಲ ಕಣ್ಣಿಡು" ಅಂತ ಹೇಳಿ ನೀರಿಗೆ ಹೋದಳು. ತಿರುಗಿ ಬಂದು ನೋಡತಾಳ, ಹಾಲೆಲ್ಲಾ ಒಲ್ಯಾಗ, ಮಗ ಗಲ್ಲಕ್ಕ ಕೈ ಹಚ್ಚಿ ಕುಂತಾನ.

"ಏನಲೇ ಇದು?"

"ಕಣ್ಣಿಟ್ಟಿದ್ದೆ ಯವ್ವಾ. ಮೊದಲ ಗುಳುಗುಳು ಅಂತು. ಆಮ್ಯಾಲ ಬೆಳ್ಳಗ ಉಕ್ಕಿ ಮ್ಯಾಲ ಬಂತು. ದಂಡಿ ದಾಟಿ ಕೆಳಗ ಬಂತು. ಒಂದೂ ಬಿಡದ ನೋಡೇನಿ."

"ಬರೇ ನೋಡತಾರೇನಲೇ ಹುಚ್ಚಪ್ಯಾಲಿ? ಬೆಳ್ಳಗ ಉಕ್ಕಿ ಬಂದ್ರ ಉಫ್ ಅಂತ ಊದಬೇಕು. ಊದಿದ್ರ ತಣ್ಣಗ ಕೂಡತದ."

"ಆತು ಯವ್ವಾ. ಬೆಳ್ಳಗ ಉಕ್ಕಿ ಬಂದ್ರ ಉಫ್."

ಅವತ್ತ ಹೊತ್ತೇರಿದ ಮ್ಯಾಲ ಮಾವ ಅವನ್ನ ಕರಕೊಂಡು ಗುಡ್ಡದ ಕಡಿ ಹೋದ. ದೂರ ಒಂದು ದೊಡ್ಡ ಬಂಡಿಗಲ್ಲಿನ ಹಿಂದ ಕೂಡಿಸಿ, "ಇಲ್ಲಿಂದ ಗುಡ್ಡ ನೋಡಕೋತ ಕೂಡು, ನಾ ಆ ಮಗ್ಗಲ ನೋಡಿ ಬರತೇನಿ" ಅಂದ. ಮಾವ ನಾಕು ಮಾರು ಹೋಗಿರಬೇಕು, ಮ್ಯಾಲಿಂದ ಒಂದು ಸಣ್ಣ ತುಂಡು ಹಿಮ ಜರೀತು. ಸಣ್ಣದು ಅಂದ್ರ ನಮ್ಮ ಮನಿಯಷ್ಟು. ಬೆಳ್ಳಗ ಉಕ್ಕಿ ಬರಾಕತ್ತಿತು. ನಮ್ಮಾಂವ ಏನ್ ಮಾಡಿದ? ಬಂಡಿಗಲ್ಲಿನ ಹಿಂದ ಇದ್ದಾಂವ ಅದರ ಮ್ಯಾಲ ಹತ್ತಿದ. ಗಲ್ಲ ಉಬ್ಬಿಸಿದ. ಉಫ್, ಉಫ್, ಉಫ್ ಅಂತ ಊದಿದ್ದ ಊದಿದ್ದು. ಹಿಮ ಬಂದು ಇಪ್ಪತ್ತು ಹೆಜ್ಜಿ ಆಚೆ ನಿಂತಿತು.

ಫಕೀರಪ್ಪ ಎದ್ದು ಬಿದ್ದು ಓಡಿ ಬಂದ. ಇಂವ ನಕ್ಕೋತ ನಿಂತಿದ್ದ.

"ನೋಡು ಮಾವಾ, ತಣ್ಣಗ ಕೂತಿತು."

"ಊದಿದ್ರ ಕೂಡಾಕ ಅದೇನು ನಿಮ್ಮವ್ವನ ಹಾಲಿನ ಗಡಿಗೇನಲೇ? ನಿನ್ನ ಕೂಡಿಸಿದ ನನಗ ಬುದ್ಧಿ ಇಲ್ಲ." ಮಾವ ಹಣಿ ಹಣಿ ಬಡಕೊಂಡ. "ಹೊರಗಿನ ಬಿಳುಪು ನೋಡಿ ಮೋಸ ಹೋಗಬಾರದು. ಮ್ಯಾಲಿಂದ ಒಂದೊಂದ ಪದರ ತಗದು ನೋಡಬೇಕು. ಗಟ್ಟಿ ಪದರದ ಕೆಳಗ ಒಂದು ಸಡ್ಲ ಪದರ ಇತ್ತಂದ್ರ ಜಾರೂದು ಖರೆ. ತಿಳೀತೇನು?"

"ಆತು ಮಾವಾ. ಪದರ ತಗೀಬೇಕು. ಸಡ್ಲ ಇದ್ರ ಜಾರೂದು ಖರೆ."

ಆ ವಾರ ನಮ್ಮ ಕಡಿಯಿಂದ ಎಂಟು ಮಂದಿ ಗುಡ್ಡ ಏರಾಕ ಬಂದ್ರು. ಅವರಾಗ ಹಿರ್ಯಾರು ಗದಗಿನ ಹಿರೇಮಠ ಸರ. ಸಾಲ್ಯಾಗ ಮಾಸ್ತರ್ರು, ರಜಾ ದಿನ ಮದಿವಿ ಮಾಡಸೂ ಅಯ್ಯನೋರು. ಮೈ ಭಾರ, ಚಳಿ ತಡಿಯೂದಿಲ್ಲ. ಸಿಕ್ಕದ್ದೆಲ್ಲಾ ಹೊದಕೊಂಡು ಮಲಗಿದ್ರು. ಮುಂಜಾನಿ ಚಾ ಕಾಸಿ ಬಾಳವ್ವ ಮಗಗ ಅಂದಳು, "ಸರ ಎದ್ದಾರೇನು, ನೋಡಿ ಬಾ."

ಹೋದ. ನೋಡಿದ. ಹೊರಗ ಬರೇ ಒಂದು ಗುಡ್ಡಿ ಕಾಣತಿತ್ತು. ಹೊರಗಿಂದು ನೋಡಿ ಮೋಸ ಹೋಗಬಾರದಲ್ಲ? ರಗ್ಗು ತಗದ. ಕಂಬಳಿ ತಗದ. ಕೌದಿ ತಗದ. ಸ್ವೆಟರಿಗೆ ಕೈ ಹಾಕಿದ. ಒಳಗಿಂದ ಸರ ಬಾಯಿ ಬಡಕೊಳ್ಳಾಕ ಸುರು ಮಾಡಿದ್ರು. ಇಂವ ತಾಯೀ ಹಂತ್ಯಾಕ ಬಂದು ನಿಂತು ವರದಿ ಒಪ್ಪಿಸಿದ.

"ಎದ್ದಾರ ಯವ್ವಾ. ಮ್ಯಾಲ ರಗ್ಗು, ಕೆಳಗ ಕಂಬಳಿ, ಅದರ ಕೆಳಗ ಕೌದಿ, ಆಮ್ಯಾಲ ಎರಡು ಸ್ವೆಟರ್. ಎಲ್ಲಾ ಗಟ್ಟಿ ಅದಾವ. ಆದ್ರ ಪೈಜಾಮದ ಲಾಡಿ ಸಡ್ಲ ಐತಿ. ಇವತ್ತಲ್ಲಾ ನಾಳಿ ಜಾರೂದು ಖರೆ."

ಅವನ ಹಿಂದನ ಸರ ಬಂದ್ರು, ಎರಡೂ ಕೈಲೆ ಲಾಡಿ ಹಿಡಕೊಂಡು, ಮಾರಿ ಕೆಂಪಗ ಮಾಡಕೊಂಡು. ರೊಟ್ಟಿ ಬಡಿಯಾಕತ್ತಿದ್ದ ಕಸ್ತೂರಿ ಸೆರಗಿನ್ಯಾಗ ಬಾಯಿ ಮುಚಗೊಂಡು ನಕ್ಕಳು. "ಅತ್ತೀ, ಸುಳ್ಳಂತೂ ಹೇಳಿಲ್ಲ ನೋಡು" ಅಂದಳು.

ಬಾಳವ್ವಗ ನಗು ಎಲ್ಲಿಂದ ಬರಬೇಕು? ನೆಲ ಬಾಯಿ ತೆರದ್ರ ಹೋಗಿಬಿಡಬೇಕು ಅನಸ್ತು. ಸರಗ ಕೈ ಮುಗದು, ಮಗನ ಕಿವಿ ಹಿಡದು ಒಳಗ ಎಳದಳು.

"ಮಂದಿ ಇದ್ದಲ್ಲೆ ಹಂಗ ನುಗ್ಗತಾರೇನಲೇ? ಮೊದಲ ಟಕ್ ಟಕ್ ಬಡೀಬೇಕು. ಬರಲೇನ್ರಿ ಅಂತ ಕೇಳಬೇಕು. ಒಳಗಿಂದ ಹೂಂ ಅಂದ್ರ ಅಷ್ಟ ಕಾಲಿಡಬೇಕು."

"ಆತು ಯವ್ವಾ. ಬಡೀಬೇಕು, ಕೇಳಬೇಕು. ಹೂಂ ಅಂದ್ರ ಹೋಗಬೇಕು."

ಮುಂದ ಮೂರು ದಿನ ಒಂದ ಸವನ ಹಿಮ ಬಿತ್ತು, ಗಾಳಿ ಬೀಸಿತು. ನಾಕನೇ ದಿನ ಬಿಸಲು ಬಿತ್ತು. ಎಂಟೂ ಮಂದಿ ಚೀಲ ಹೆಗಲಿಗೆ ಏರಿಸಿ ತಯಾರಾಗಿ ನಿಂತ್ರು. ಫಕೀರಪ್ಪ ನಸಕಿನ್ಯಾಗನ ಎದ್ದು ಬಲಗಡೀ ಇಳಿಜಾರು ಅಗದು ನೋಡಾಕ ಹೋಗಿದ್ದ. ಹೋಗೂಮುಂದ ಅಳಿಯಗ ಒಂದು ಸಲಕಿ ಕೊಟ್ಟು ಹೇಳಿದ್ದ, "ನೀ ಗುಡ್ಡದ ಮ್ಯಾಲ ಏರಬ್ಯಾಡ. ಕೆಳಗ ಸಪಾಟ ಬಯಲಾಗ ನಿಂತು, ಸಲಕೀಲೆ ಬಡದು ನೋಡಿ, ಏನಾತು ಅಂತ ಬಂದು ಹೇಳು." ಇದು ಕಡೀ ಸಲ ಅಂತನೂ ಹೇಳಿದ್ದ. ಚಳಿಗಾಲ ಮುಗಿಯಾಕ ಬಂದಿತ್ತು.

ಬಾಳವ್ವ ಬಾಗಲದಾಗ ನಿಂತು ಬಸವಣ್ಣಾ, ಬಸವಣ್ಣಾ ಅಂತಿದ್ದಳು.

ಮುದಕಪ್ಪ ಬಯಲಿಗೆ ಹೋದ. ಟಕ್ ಟಕ್ ಟಕ್.

"ಬರಲೇನ್ರಿ?"

ಉತ್ತರ ಇಲ್ಲ. ಮನ್ಯಾಗ ಇಲ್ಲೇನೋ ಅಂದಕೊಂಡ. ಒಂದೀಟು ಕುಂತ. ಮತ್ತ ಎದ್ದು ಜೋರ ಬಡದ.

"ಯಾರದೀರಿ ಒಳಗ? ಎಂಟು ಮಂದಿ ಬಂದಾರ. ಬರಲೇನ್ರಿ?"

ಉತ್ತರ ಇಲ್ಲ. ಕಿವಿ ಕೇಳಸೂದಿಲ್ಲೇನೋ ಅಂತ ಇನ್ನೊಂದು ಹೆಜ್ಜಿ ಮುಂದ ಇಟ್ಟು, ಎರಡೂ ಕೈಲೆ ಸಲಕಿ ಎತ್ತಿ ದಢಕ್ಕನ ಬಡದ.

"ಹೂಂ."

ಖರೇನ ಅಂತು. ಎಮ್ಮಿ ನೆಲಕ್ಕ ಕುಂಡರುವಾಗ ಹೊಟ್ಟಿಯಾಗಿಂದ ಉಸುರು ಬಿಡತದಲ್ಲ, ಹಂಗ, ಆಳದಿಂದ. ಮುದಕಪ್ಪನ ಕಣ್ಣಾಗ ನೀರು ಬಂತು. ಎಂಥಾ ದೊಡ್ಡ ಗುಡ್ಡ, ಎಷ್ಟು ಮರ್ಯಾದಿ! ಸಲಕಿ ಅಲ್ಲೇ ಒಗದು ಓಡಿದ.

"ನಡೀರಿ ಸರ, ನಡೀರಿ ಎಲ್ಲಾರೂ. ಗುಡ್ಡ ಹೂಂ ಅಂದೈತಿ."

ಹಿರೇಮಠ ಸರ ಖುಷಿಯಾಗಿ ಕೋಲು ಎತಗೊಂಡ್ರು. ಅಷ್ಟರಾಗ ಫಕೀರಪ್ಪ ಬಂದ. ಅವನ ಕಡೀ ಇಳಿಜಾರು ಗಟ್ಟಿ ಇತ್ತು, ಅಂವನೂ ನಡೀರಿ ಅನ್ನಾಂವನ ಇದ್ದ.

"ಏನಂದಿ? ಮತ್ತೊಮ್ಮೆ ಹೇಳು."

"ಹೂಂ ಅಂತು ಮಾವಾ. ಹೂಂ ಅಂದು ಎರಡು ಬಟ್ಟು ಕೆಳಗ ತಗ್ಗಿತು, ನಮಸ್ಕಾರ ಮಾಡಿದಂಗ. ಆಮ್ಯಾಲ ನನ್ನ ಕಾಲಿನಿಂದ ಗುಡ್ಡದತನಕಾ ಒಂದು ಸೀಳು ಬಿಟ್ಟು ಹಾದೀನೂ ತೋರಿಸ್ತು."

ಫಕೀರಪ್ಪನ ಮಾರಿ ಸುಣ್ಣ ಆತು. "ಚೀಲ ಇಳಸ್ರಿ" ಅಂದ.

"ಅಲ್ರೀ ಸುಭೇದಾರ್ರ, ಇಷ್ಟು ದೂರ ಬಂದೇವಿ. ಇವನ ಮಾತು ಕೇಳಿ ಇಳಸೂದೇನು?" ಅಂದ್ರು ಸರ. ಲಾಡೀ ಸಿಟ್ಟು ಇನ್ನೂ ಹೋಗಿರಲಿಲ್ಲ ಅವರದು.

"ಇವನ ಮಾತಲ್ಲ ಸರ, ಗುಡ್ಡದ ಮಾತು. ಹಿಮ ಹೂಂ ಅಂದ್ರ ಒಳಗಿನ ಸಡ್ಲ ಪದರ ಕುಸದೈತಿ ಅಂತ. ಮ್ಯಾಲಿಂದು ಈಗ ಯಾವ ಆಸರಿನೂ ಇಲ್ಲದ ನಿಂತೈತಿ. ಒಬ್ರೂ ಹೊಸ್ತಲ ದಾಟೂದಿಲ್ಲ."

ಗೊಣಕೋತ ಒಳಗ ಕುಂತ್ರು. ಮಧ್ಯಾಹ್ನ ಉಣ್ಣಾಕತ್ತಿದ್ರು, ಹೊರಗ ಗುಡುಗಿದಂಗ ಆತು. ಹೊರಗ ಬಂದು ನೋಡತಾರ, ಮುದಕಪ್ಪ ಬಡದ ಬಯಲಿನ ಮ್ಯಾಲಿನ ಇಡೀ ಇಳಿಜಾರು ಕೆಳಗ ಬಂದೈತಿ. ಅವರು ಹೋಗಬೇಕಾಗಿದ್ದ ಹಾದಿ ಅದ. ಆ ಹೊತ್ತಿಗೆ ಅವರು ಅದರ ನಟ್ಟನಡುವ ಇರತಿದ್ರು. ಹಿರೇಮಠ ಸರ ಒಳಗ ಬಂದು, ತಮ್ಮ ತಾಟಿನ್ಯಾಗಿನ ಎಣ್ಣಿಗಾಯಿ ಎತ್ತಿ ಮುದಕಪ್ಪನ ತಾಟಿಗೆ ಹಾಕಿದ್ರು.

ಬಾಳವ್ವ ಮಗನ ತಲೀ ಹಿಡಕೊಂಡು ಅತ್ತಳು. ಎಂಟು ಮಂದಿ ತಾಯಂದ್ರ ಪುಣ್ಯ ನಿನಗ ಇರಲಿ ಅಂದಳು. ಫಕೀರಪ್ಪನೂ ಕಣ್ಣು ಒರಸಿಕೊಂಡ. ಆದ್ರ ಮಿಲಿಟರಿಯಾಂವ, ಬುದ್ಧಿ ಹೇಳದ ಇರತಾನೇನು?

"ಸುದ್ದಿ ಖರೇದ್ದ ತಂದಿ, ನನ್ನ ಮಾತು ನಾ ಉಳಸಕೋತೇನಿ. ಆದ್ರ ಹೂಂ ಅಂದಾಗ ನಕ್ಕೋತ ಬರೂದಲ್ಲಲೇ. ಹೂಂ ಅಂತ ಕಿವೀಗೆ ಬಿತ್ತಂದ್ರ, ಅಕ್ಕಪಕ್ಕ ಇದ್ದವರ ಕೈ ಹಿಡಕೊಂಡು ಹಿಂದ ತಿರುಗಿ ನೋಡದ ಓಡಬೇಕು. ಗುಡ್ಡದಿಂದ ದೂರ ಬಯಲು ಸಿಗೂತನಕಾ ನಿಲ್ಲಬಾರದು."

"ಆತು ಮಾವಾ. ಹೂಂ ಅಂದ್ರ ಕೈ ಹಿಡಿ, ಓಡು."

ರಾತ್ರಿಗೆ ಬಿಡದ ಅವತ್ತ ಸಂಜೀಕ ಫಕೀರಪ್ಪ ಮಗಳನ್ನ ಕೇಳಿದ. ಕಸ್ತೂರಿ ಬುದ್ಧಿವಂತಿ. "ಅಪ್ಪಾ, ಶ್ಯಾಣ್ಯಾರು ಕಂಡದ್ದು ಒಂದು, ಹೇಳೂದು ಒಂದು. ಇಂವ ಕಂಡದ್ದ ಹೇಳತಾನ. ನಡೀತದ" ಅಂದಳು.

ಅಯ್ಯನೋರು ಮನ್ಯಾಗನ ಇದ್ದಾರ, ತಡ ಯಾಕ? ಮರುದಿನ ನಿಶ್ಚಯಕ್ಕ ಕುಂತ್ರು. ಮುದಕಪ್ಪ ಮಾವನ ಮಿಲಿಟರಿ ಕೋಟು ಹಾಕಿಕೊಂಡು ನಡುವ. ಎಡಕ್ಕ ಬಾಳವ್ವ. ಬಲಕ್ಕ ಹಿರೇಮಠ ಸರ, ಶಾಸ್ತ್ರಕ್ಕಂತ ಧೋತರ ಉಟಗೊಂಡು, ಚಳಿಗೆ ಹಲ್ಲು ಕಡಕೋತ. ಎದರಿಗೆ ಕಸ್ತೂರಿ.

"ತಂಗೀ ಕಸ್ತೂರಿ, ಈ ಮುದಕಪ್ಪನ್ನ ಮಾಡಿಕೊಳ್ಳಾಕ ನಿನ್ನ ಒಪ್ಪಿಗಿ ಐತೇನವಾ?" ಅಂತ ಸರ ಕೇಳಿದ್ರು.

ಬಾಳವ್ವನ ಇಪ್ಪತ್ನಾಕು ವರ್ಷದ ಆಸೆ ಆ ಹುಡುಗೀ ತುಟೀ ಮ್ಯಾಲ ಇತ್ತು. ಕಸ್ತೂರಿ ತಲಿ ತಗ್ಗಿಸಿದಳು. ನಾಚಿಕೊಂಡು, ಸಣ್ಣ ದನೀಲೆ ಅಂದಳು,

"ಹೂಂ."

ಮುದಕಪ್ಪ ಗಕ್ಕನ ಎದ್ದ. ಎಡಗೈಲೆ ತಾಯಿ, ಬಲಗೈಲೆ ಅಯ್ಯನೋರು. ಹಿಂದ ತಿರುಗಿ ನೋಡಲಿಲ್ಲ. ಬಾಗಲ ದಾಟಿದ, ಅಂಗಳ ದಾಟಿದ, ಊರ ದಾಟಿದ. ಬಾಳವ್ವ ಬಿಡಲೇ ಬಿಡಲೇ ಅನ್ನಾಕಿ, ಇಂವ ಓಡು ಯವ್ವಾ ಓಡು ಅನ್ನಾಂವ. ಹಿರೇಮಠ ಸರಗ ಬ್ಯಾರೇನ ತ್ರಾಸ. ಇವತ್ತಲ್ಲಾ ನಾಳಿ ಜಾರೂದು ಖರೆ ಅಂತ ಅಂವ ಮೊದಲ ಹೇಳಿದ್ದ. ಜಾರಿತು.

ಬಯಲಿಗೆ ಬಂದು ನಿಂತ. ಬಾಳವ್ವ ಹಿಮದಾಗ ದೊಪ್ಪನ ಕುಂತಳು.

"ಎಲ್ಲಾ ಹಾಳ ಮಾಡಿದೆಲ್ಲೋ ನನ್ನ ಹೊಟ್ಟೀ ಕಲ್ಲ. ಹೂಂ ಅಂದಾಕೀನ ಬಿಟ್ಟು ಬಂದೆಲ್ಲೋ."

"ಹೂಂ ಅಂದ್ಲಂತನ ಬಂದೆ ಯವ್ವಾ. ಆಕೀದು ಒಳಗಿನ ಪದರ ಕುಸದೈತಿ. ಹೊರಗ ನೋಡಿದ್ರ ಏನೂ ತಿಳಿಯೂದಿಲ್ಲ."

ಅಲ್ಲಿ ಹೊಸ್ತಲದಾಗ ಕಸ್ತೂರಿ ಹೊಟ್ಟಿ ಹಿಡಕೊಂಡು ನಗಾಕತ್ತಿದ್ದಳು, ಫಕೀರಪ್ಪ ಕೋಲು ಹುಡಕಾಕತ್ತಿದ್ದ. ಕಸ್ತೂರಿ ಅಪ್ಪನ್ನ ತಡದಳು. ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದಳು.

"ಅತ್ತೀ, ಅವಂಗ ಹೇಳು. ನಾ ಈಗ ಉಹೂಂ ಅನ್ನಾಕತ್ತೇನಿ. ಉಹೂಂ. ಉಹೂಂ. ಉಹೂಂ."

ಮುದಕಪ್ಪ ಕಿವಿಗೊಟ್ಟು ಕೇಳಿದ. ಮಾರಿ ಅರಳಿತು.

"ಉಹೂಂ ಅಂದ್ಲೇನು? ಹಂಗಾದ್ರ ಗಟ್ಟಿ ಐತಿ, ಭಯ ಇಲ್ಲ. ಏಳು ಯವ್ವಾ. ನಡೀರಿ ಸರ, ಧೋತರ ಬಿಗೀ ಮಾಡಕೋರಿ."

ತಿರುಗಿ ಹೋದ, ಅದ ಜಾಗಾದಾಗ ಕುಂತ. ಹತ್ತು ಮಂದಿ ಸಾಕ್ಷಿ ಮುಂದ ಮೂರು ಸಲ ಒಲ್ಲೆ ಅಂದಾಕೀನ ಖುಷೀಲೆ ಮದಿವಿ ಆದಾಂವ ಲೋಕದಾಗ ಅಂವ ಒಬ್ಬನ. 

ಇವತ್ತಿಗೂ ಆ ಮನ್ಯಾಗ ಅದ ನಡದೈತಿ. ಹೊತ್ತಿಗೆ ಸರಿಯಾಗಿ ಮುದಕಪ್ಪ ಬಂದು ಅಡಗೀಮನಿ ಬಾಗಲ ಟಕ್ ಟಕ್ ಬಡದು, "ಉಣ್ಣಾಕ ಬರಲೇನು?" ಅಂತ ಕೇಳತಾನ. ಕಸ್ತೂರಿ ಒಳಗಿಂದ "ಉಹೂಂ" ಅಂತಾಳ. ಅಂವ ಬಂದು ಕೂತು ಹೊಟ್ಟಿ ತುಂಬ ಉಣ್ಣತಾನ. ಬಾಳವ್ವಗ ಈಗ ಚಿಂತಿ ಇಲ್ಲ, ಕಣ್ಣು ಮುಚ್ಚಾಕ ಅವಸರನೂ ಇಲ್ಲ.

ಕತಿ ಇಷ್ಟ. ಚಂದ ಇತ್ತಲ್ಲ? ಏನಂದ್ರಿ, ಹೂಂ ಅಂದ್ರಿ? ಹಿಡೀರಿ ಕೈ, ಓಡೂಣು.